ಉಡಿ ಇಲ್ಲದೆ ಬಂದ ಸೀರೆ

ಸೀರೆಯ ಬಣ್ಣ ಹಸಿರೆಂದೇ ನನ್ನ ನೆನಪು. ಒಡಲು ಹಸಿರು, ಸೆರಗು ಕೆಂಪು. ಆದರೆ ನನ್ನ ಸೋದರಮಾವ ಆಡುತ್ತಿದ್ದ ನಾಟಕದಲ್ಲಿ ಮುನ್ಷಿ ಬಾಳೆಹಣ್ಣಿನವಳಿಗೆ ಕೊಟ್ಟದ್ದೂ ಹಸಿರು ಸೀರೆಯೇ. ನನಗೆ ಬಂದ ಸೀರೆ ನಿಜಕ್ಕೂ ಹಸಿರಾಗಿತ್ತೋ, ನಾಟಕದ ಸೀರೆಯನ್ನೇ ಆಮೇಲೆ ನೆನಪಿನಲ್ಲಿ ನನ್ನ ಮೈಗೆ ಸುತ್ತಿಕೊಂಡೆನೋ, ಹೇಳಲಾರೆ. ಆ ಆಟ ಎಷ್ಟು ವರ್ಷ ನಡೆಯಿತೆಂಬುದರಲ್ಲೂ ನಾನು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದು ಹೈದರಾಬಾದಿಗೆ ಓದಲು ಹೋದ ಮೇಲೆ. ಅದಕ್ಕೆ ಮುಂಚಿನದಕ್ಕೆಲ್ಲ ನೆನಪೊಂದೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಎದುರು ಕೂಡಿಸಿಕೊಂಡು ಮತ್ತೆ ಮತ್ತೆ ವಿಚಾರಿಸಿದ್ದೇನೆ; ಪ್ರತಿಸಲವೂ ಹೇಳಿಕೆ ತುಸು ಬದಲಾಗುತ್ತದೆ. ಸೀರೆಯ ಜೊತೆ ಉಡಿ ಬಂದಿರಲಿಲ್ಲ ಎಂಬುದು ಮಾತ್ರ ಒಂದು ಸಲವೂ ಬದಲಾಗಿಲ್ಲ.

ನನ್ನ ತಾಯಿ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ತಂದೆ ಹೈದರಾಬಾದಿನಲ್ಲಿ ನಿಜಾಮರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿಗಿದ್ದರು, ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದರು. ನಾನು ಬೆಳೆದದ್ದು ಕಮಲಾಪುರದಲ್ಲಿ, ತಾಯಿಯ ತವರಿನಲ್ಲಿ. ಮನೆಯಲ್ಲಿ ಇದ್ದವರು ಇಬ್ಬರು: ತಾಯಿಯ ತಾಯಿ, ಅವಳನ್ನು ನಾನು ಆಯಿ ಎನ್ನುತ್ತಿದ್ದೆ, ಮತ್ತು ತಾಯಿಯ ತಂಗಿ, ನನ್ನ ಚಿಗವ್ವ. ಆಯಿಗೆ ಕಣ್ಣು ಮಂಜಾಗಿತ್ತು. ಚಿಗವ್ವ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತಿರುಗಿ ಬಂದವಳು. ಇಬ್ಬರ ಹಣೆಯ ಮೇಲೂ ವಿಭೂತಿ ಇತ್ತು, ಕುಂಕುಮ ಇರಲಿಲ್ಲ. ಮುತ್ತೈದೆಯೊಬ್ಬಳೂ ಇಲ್ಲದ ಮನೆ ಅದು. ಈ ಸಂಗತಿ ಮುಂದೆ ನನ್ನ ತಿಳಿವಳಿಕೆಗೆ ಅಡ್ಡ ಬಂತು.

ಆಯಿಯ ಕೊನೆಯ ಮಗ ನನ್ನ ಸೋದರಮಾವ. ಕಲಬುರ್ಗಿಯ ಶಹಾಬಜಾರದಲ್ಲಿ ಅರಿವೆ ಅಂಗಡಿಯ ಗುಮಾಸ್ತ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ, ಆಗ ಇನ್ನೂ ಚಡ್ಡಿ ಹಾಕುತ್ತಿದ್ದ ಮಗನನ್ನು ತೊಟ್ಟಿಲ ಬಳಿಗೆ ಕರೆದು, "ನೋಡೋ, ನಿನ್ನ ಹೇಣತಿ ಬಂದಾಳ" ಅಂದಳಂತೆ. ನಮ್ಮ ಮನೆತನಗಳಲ್ಲಿ ಅಕ್ಕನ ಮಗಳು ತಮ್ಮನಿಗೆ, ತಮ್ಮ ಅಕ್ಕನ ಮಗಳಿಗೆ. ಅದಕ್ಕೆ ಬೇರೆ ನಿಶ್ಚಯ ಬೇಕಿರಲಿಲ್ಲ. ಊರಿನವರು ನನ್ನನ್ನು ಮಾವನ ಹೆಂಡತಿಯೆಂದೇ ಚೇಷ್ಟೆ ಮಾಡುತ್ತಿದ್ದರು. ನಾನು ಸಿಟ್ಟು ಮಾಡಿದಂತೆ ಮಾಡುತ್ತಿದ್ದೆ.

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ಮಾವ ಕೆಲಸಕ್ಕಿದ್ದ ಅಂಗಡಿಯೂ ಆ ದಿನ ಕದ ತೆರೆಯುತ್ತಿರಲಿಲ್ಲ. ಕೈ ಖಾಲಿ ಇದ್ದ ಗುಮಾಸ್ತರೂ ಹಮಾಲರೂ ಸೇರಿ ಅಂಗಡಿಯ ಹಿಂದಿನ ಅಂಗಳದಲ್ಲಿ ಒಂದು ನಗೆಯ ಆಟ ಶುರುಮಾಡಿದರು. ಮಧ್ಯಾಹ್ನದ ಊಟವಾದ ಮೇಲೆ ಆರಂಭ, ದೀಪ ಹಚ್ಚುವ ಹೊತ್ತಿಗೆ ಮುಕ್ತಾಯ. ಒಂದು ಅಮಾವಾಸ್ಯೆಗೆ ನಿಂತಲ್ಲಿಂದ ಮುಂದಿನ ಅಮಾವಾಸ್ಯೆಗೆ ಕಥೆ ಮುಂದುವರಿಯುತ್ತಿತ್ತು. ಹೀಗೆ ತಿಂಗಳು ತಿಂಗಳು ಬೆಳೆದು ವರ್ಷಗಟ್ಟಲೆ ನಡೆಯಿತು. ಜನ ಅದನ್ನು ನಾಕಾದ ಆಟ ಎನ್ನುತ್ತಿದ್ದರು.

ಕಥೆ ಸಣ್ಣದು. ಕಮಲಾಪುರದಿಂದ ಕಲಬುರ್ಗಿಗೆ ಬರುವ ದಾರಿಯಲ್ಲಿ, ಕಪನೂರದ ಹತ್ತಿರ, ಸರ್ಕಾರದ ಸುಂಕದ ನಾಕಾ. ಅಲ್ಲೊಬ್ಬ ಮುನ್ಷಿ. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬರುವ ಕಮಲಾಪುರದ ಹುಡುಗಿ ಒಬ್ಬಳು. ಅವನು ತಡೆಯುತ್ತಾನೆ, ಅವಳು ಜಗಳಾಡುತ್ತಾಳೆ. ಆಟ ಕಟ್ಟುತ್ತಿದ್ದವನು ಮಾವ, ಮುನ್ಷಿಯ ವೇಷವೂ ಅವನದೇ. ಹುಡುಗಿಯ ವೇಷ ಅದೇ ಓಣಿಯ ಒಬ್ಬ ಬಳೆಗಾರನದು. ಅವನಿಗೆ ಮೀಸೆ ಇತ್ತು, ಬೋಳಿಸಲು ಒಪ್ಪುತ್ತಿರಲಿಲ್ಲ. ಮೀಸೆಯ ಮೇಲೆ ದಪ್ಪಗೆ ಪೌಡರು ಬಳಿದು ಸೆರಗು ಕಚ್ಚಿಕೊಂಡು ನಿಲ್ಲುತ್ತಿದ್ದ.

ಇದನ್ನೆಲ್ಲ ನಾನು ಕಣ್ಣಾರೆ ಕಂಡವಳಂತೆ ಬರೆಯುತ್ತಿದ್ದೇನೆ. ಕಂಡದ್ದು ಒಂದೇ ಸಲ, ಕೊನೆಯ ಆಟ. ಉಳಿದ ಎಲ್ಲವೂ ಚಿಗವ್ವನ ಬಾಯಿಂದ ಕೇಳಿದ್ದು.

ನಮ್ಮದು ಬಾಳೆಯ ತೋಟ. ಅಮಾವಾಸ್ಯೆಯ ಹಿಂದಿನ ದಿನ ಚಿಗವ್ವ ಗಾಡಿಯಲ್ಲಿ ಗೊನೆ ಹೇರಿಸಿಕೊಂಡು ಕಲಬುರ್ಗಿಗೆ ಹೋಗುತ್ತಿದ್ದಳು, ಅಮಾವಾಸ್ಯೆ ಕಳೆದ ಮರುದಿನ ತಿರುಗಿ ಬರುತ್ತಿದ್ದಳು. ಹೆಂಗಸರಿಗೆ ಅಂಗಳದ ಒಂದು ಮೂಲೆಯಲ್ಲಿ ಬಿದಿರಿನ ಪರದೆ ಕಟ್ಟಿರುತ್ತಿದ್ದರಂತೆ, ಅದರ ಸಂದಿಯಿಂದ ಆಟ ನೋಡಬೇಕು. ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲೇ ನಾನು ಅವಳ ಬೆನ್ನು ಹತ್ತುತ್ತಿದ್ದೆ. ಅವಳು ಅಡುಗೆ ಮನೆಯ ಕಂಬಕ್ಕೆ ಒರಗಿ, ಒಮ್ಮೆ ಮುನ್ಷಿಯಾಗಿ ಒಮ್ಮೆ ಹುಡುಗಿಯಾಗಿ, ಇಡೀ ಆಟವನ್ನು ಆಡಿ ತೋರಿಸುತ್ತಿದ್ದಳು. ಮನೆಯಲ್ಲಿ ಬೇರೆ ಹೊತ್ತು ಚಿಗವ್ವ ಹೆಚ್ಚು ಮಾತಿನವಳಲ್ಲ. ಆ ಒಂದು ಸಂಜೆ ಮಾತ್ರ ಅವಳ ಕೈ, ಕುತ್ತಿಗೆ, ಕಣ್ಣು ಎಲ್ಲ ಮಾತಾಡುತ್ತಿದ್ದವು.

ಮೊದಲ ಆಟದಲ್ಲಿ ಮುನ್ಷಿ ಸರ್ಕಾರಿ ಹುಕುಮು ತೆಗೆದು ಓದುತ್ತಾನೆ. ಅದರಲ್ಲಿ ಹಳದಿ ಬಾಳೆಹಣ್ಣಿಗೆ ಸುಂಕ ಬರೆದಿದೆ, ಕೆಂಪಿಗೆ ಬರೆದಿಲ್ಲ.

"ಇದು ಹಣ್ಣs ಅಲ್ಲ. ಹುಕುಮಿನ್ಯಾಗ ಇಲ್ಲ," ಅನ್ನುತ್ತಾನೆ.

"ಹಂಗಾದ್ರ ತಿಂದು ನೋಡ್ರಿ ಸಾಹೇಬ್ರ, ಹಣ್ಣೋ ಬದನಿಕಾಯೋ," ಅನ್ನುತ್ತಾಳೆ.

ಒಂದು ತಿನ್ನುತ್ತಾನೆ. ಇನ್ನೂ ಗೊತ್ತಾಗಲಿಲ್ಲ ಎಂದು ಎರಡನೆಯದು. ಕೊನೆಗೆ ಬುಟ್ಟಿಯಲ್ಲಿ ಸಿಪ್ಪೆ ಮಾತ್ರ ಉಳಿಯುತ್ತದೆ, ಅದಕ್ಕೆ ರಸೀದಿ ಬರೆದು ಕೊಡುತ್ತಾನೆ. ಆಯಿ ಕೂಡ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮುಂದಿನ ತಿಂಗಳು ಹುಡುಗಿ ಕಾಯಿಯನ್ನೇ ತರುತ್ತಾಳೆ, ತಿನ್ನಲಾಗದಂತೆ. ಅವನು, ಹಣ್ಣಾಗುವ ತನಕ ಜಪ್ತಿ, ಎನ್ನುತ್ತಾನೆ. ಕಾಯಿ ಹಣ್ಣಾಯಿತೇ ಎಂದು ನೋಡಲು ಅವಳು ದಿನಾ ನಾಕಾಕ್ಕೆ ಬರಬೇಕು. ಬರುವುದು ರೂಢಿಯಾಗುತ್ತದೆ. ಅವನು ಬೇರೆ ಗಾಡಿಗಳನ್ನು ಬಿಟ್ಟುಬಿಡುತ್ತಾನೆ, ಅವಳ ಬುಟ್ಟಿಯನ್ನು ಮಾತ್ರ ತಡೆಯುತ್ತಾನೆ. ಮುಂದೆ ತುಪ್ಪ ಮಾರುವ ಹೆಂಗಸೊಬ್ಬಳು ಬರುತ್ತಾಳೆ. ಮುನ್ಷಿ ಅವಳ ಗಡಿಗೆಯನ್ನೂ ತಡೆಯಲು ಹತ್ತುತ್ತಾನೆ, ಬಾಳೆಹಣ್ಣಿನವಳು ಮೂಗು ಮುರಿಯುತ್ತಾಳೆ. ಅದಾದ ಮೇಲೆ ಒಂದು ಇಡೀ ಮಳೆಗಾಲ ಇಬ್ಬರೂ ಮಾತೇ ಆಡುವುದಿಲ್ಲ. ಅವನು ರಸೀದಿ ಚಾಚುತ್ತಾನೆ, ಅವಳು ಹೆಬ್ಬೆಟ್ಟು ಒತ್ತುತ್ತಾಳೆ, ಅಷ್ಟೇ. ಗಂಡಸರು ಕುಳಿತಲ್ಲಿಂದ, "ಮಾತಾಡ್ರೋ, ಸಾಕ ಮಾಡ್ರೋ!" ಎಂದು ಕೂಗಿದರಂತೆ.

ಆಮೇಲೆ ಜ್ವರದ ಆಟ. ಮುನ್ಷಿಗೆ ಜ್ವರ ಬಂದು ನಾಕಾ ಖಾಲಿ. ಹುಡುಗಿ ಬುಟ್ಟಿ ಹೊತ್ತು ಬರುತ್ತಾಳೆ. ತಡೆಯುವವರಿಲ್ಲ. ದಾಟಬಹುದು. ದಾಟುವುದಿಲ್ಲ. ಬುಟ್ಟಿ ಇಳಿಸಿ ನಿಲ್ಲುತ್ತಾಳೆ. "ಹಿಡಿಯೋರಿಲ್ಲದ ನಾಕಾ ದಾಟಾಕ ಕಾಲs ಬರವಲ್ದು," ಅನ್ನುತ್ತಾಳೆ. ಇದನ್ನು ಹೇಳುವಾಗ ಚಿಗವ್ವ ಕಂಬದಿಂದ ದೂರ ಸರಿದು, ನಡುಮನೆಯ ಹೊಸ್ತಿಲ ಈಚೆಗೆ ನಿಂತಳು. ಹೊಸ್ತಿಲು ದಾಟಲಿಲ್ಲ. ನಾನು ಆ ದಿನ ಉಣ್ಣಲಿಲ್ಲ.

ಕಾಲೇಜಿನಲ್ಲಿ ನಾಟಕಗಳ ಬಗ್ಗೆ ಓದುವಾಗ ನನಗೆ ಇದೇ ನೆನಪಾಗುತ್ತಿತ್ತು. ನಗೆಯ ಆಟದಲ್ಲಿ ಪ್ರೀತಿಯನ್ನು ನೇರ ನಡೆಸುವಂತಿಲ್ಲ. ಇಬ್ಬರೂ ಒಪ್ಪಿದ ದಿನ ಆಟ ಮುಗಿಯುತ್ತದೆ, ಮುಂದಿನ ತಿಂಗಳು ಜನ ಬರುವುದಿಲ್ಲ. ಅದಕ್ಕೆ ಜಗಳ ಬೇಕು, ತುಪ್ಪದವಳು ಬೇಕು, ಜ್ವರ ಬೇಕು. ಪ್ರತಿ ಅಡ್ಡಿಯೂ ಅವರನ್ನು ದೂರ ಮಾಡಿದಂತೆ ಕಾಣಬೇಕು, ಒಳಗೊಳಗೇ ಹತ್ತಿರ ತರಬೇಕು. ನೋಡುವವರು ನಗುತ್ತ ನಗುತ್ತ, ತಮಗೇ ತಿಳಿಯದಂತೆ, ಆ ಇಬ್ಬರ ಮದುವೆಗೆ ಕಾಯಲು ಹತ್ತುತ್ತಾರೆ. ಮೊದಲು ಮುನ್ಷಿ ಬಾಳೆಹಣ್ಣಿಗಾಗಿ ಬುಟ್ಟಿ ತಡೆದ, ಆಮೇಲೆ ಬುಟ್ಟಿಗಾಗಿ ಅವಳನ್ನು ತಡೆದ, ಕೊನೆಗೆ ತಡೆಯುವುದಕ್ಕಾಗಿಯೇ ಬದುಕಿದ. ಇಷ್ಟನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಎಲ್ಲರಿಗೂ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಗೊತ್ತಾದದ್ದನ್ನು ನಾನು ನನ್ನ ಮತ್ತು ಮಾವನ ಲೆಕ್ಕಕ್ಕೆ ಹಿಡಿದುಕೊಂಡಿದ್ದೆ.

ಅದಕ್ಕೆ ಕಾರಣವಿತ್ತು. ಬಾಳೆಹಣ್ಣಿನವಳ ಬಾಯಲ್ಲಿ ನನ್ನ ಮಾತುಗಳಿದ್ದವು. ಗಾಡಿ ಹೊರಡುವ ಮುಂಚೆ ಗೊನೆಗಳಿಗೆ ಒಣ ಎಲೆ ಸುತ್ತುತ್ತ ನಾನೂ ಚಿಗವ್ವನೂ ಹರಟುತ್ತಿದ್ದೆವು. ನಾನು ಏನಾದರೂ ಅಂದದ್ದು ಮುಂದಿನ ಆಟದಲ್ಲಿ ಬರುತ್ತಿತ್ತು. ಒಮ್ಮೆ ಸುಮ್ಮನೆ, "ಈ ಬಾಳಿ ಕೆಂಪಗಾಗಿದ್ದು ಸಿಟ್ಟಿಗಲ್ಲ, ನಾಚಿಕಿಗೆ," ಅಂದಿದ್ದೆ. ಬಳೆಗಾರ ಅದನ್ನು ಹೇಳಿದಾಗ ಅಂಗಳವೇ ಎದ್ದು ಕುಣಿಯಿತೆಂದು ಚಿಗವ್ವ ಬಂದು ಹೇಳಿದಳು.

ನಾಗರಪಂಚಮಿಗೆ ಮಾವ ಬಂದಾಗ ಜೋಕಾಲಿಯ ಹಗ್ಗ ಬಿಗಿಯುತ್ತ ನನ್ನ ಕಡೆ ನೋಡದೆ ಕೇಳಿದ:

"ಏನವಾ ಬಾಳಿಹಣ್ಣು, ಸುಂಕ ಕಟ್ಟಿ ನಿಂತೀಯೋ, ಹಂಗs ನಿಂತೀಯೋ?"

"ಸಿಪ್ಪಿಗೆ ರಸೀದಿ ಕೊಡೋರಿಗೆ ಯಾರು ಸುಂಕ ಕಟ್ಟತಾರ?"

ಮಾವ ಹಗ್ಗ ಬಿಟ್ಟು ನಕ್ಕ. ಚಿಗವ್ವನ ಕಡೆ ತಿರುಗಿ, "ಅಕ್ಕಾ, ಇದು ನೆನಪ ಇಟ್ಕೋ," ಅಂದ.

ನಾನು ಹಿಗ್ಗಿದೆ. ಎದುರು ಕೂತು ನಾಲ್ಕು ಮಾತಾಡುವ ಸಲುಗೆ ನಮಗಿರಲಿಲ್ಲ. ನನ್ನ ಮಾತು ಅವನಿಗೆ ಮುಟ್ಟುತ್ತದೆ, ಅವನ ಮಾತು ಮುನ್ಷಿಯ ಬಾಯಿಂದ ನನಗೆ ಮುಟ್ಟುತ್ತದೆ, ನಡುವೆ ಚಿಗವ್ವ ಗಾಡಿಯಲ್ಲಿ ಹೋಗಿ ಬರುತ್ತಾಳೆ, ಇನ್ನೇನು ಬೇಕು ಎಂದುಕೊಂಡಿದ್ದೆ. ಊರಿನ ಬೇರೆ ಹುಡುಗಿಯರಿಗೆ ಇಷ್ಟೂ ಇರಲಿಲ್ಲ.

ಮದುವೆಯ ಮಾತು ಆಯಿ ಎರಡು ಮೂರು ಸಲ ಎತ್ತಿದಳು. ಮಾವ ಪ್ರತಿಸಲ ಬರುವ ಸುಗ್ಗಿಗೆ ಎಂದ. ಒಮ್ಮೆ ಆಯಿ ಗದರಿಸಿದಾಗ, "ಮುನ್ಷಿ ಲಗ್ನ ಆದ್ರ ಜನ ನಾಕಾಕ್ಕ ಯಾಕ ಬರ್ತಾರ ಬೇ?" ಅಂದು ನಗಿಸಿ ಪಾರಾದ. ನಾನೂ ನಕ್ಕೆ.

ಒಂದು ಚಳಿಗಾಲದ ಅಮಾವಾಸ್ಯೆ ಕಳೆದು ಚಿಗವ್ವ ಬಂದಳು. ಆ ಸಲ ಕಂಬಕ್ಕೆ ಒರಗಲಿಲ್ಲ, ಆಟ ಹೇಳಲಿಲ್ಲ. ಗಂಟು ಬಿಚ್ಚಿ ಒಂದು ಸೀರೆ ತೆಗೆದು ನನ್ನ ಕೈಯಲ್ಲಿಟ್ಟಳು.

"ನಿನ್ನ ಮಾವ ಕೊಟ್ಟಾನ."

ಸೋದರಮಾವನ ಮನೆಯಿಂದ ಸೀರೆ ಬಂತೆಂದರೆ ನಿಶ್ಚಯ ಬಂತೆಂದೇ ಅರ್ಥ. ಆದರೆ ಅಂಥ ಸೀರೆ ಉಡಿಯೊಂದಿಗೆ ಬರಬೇಕು. ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ, ಮುತ್ತೈದೆಯರು ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಬೇಕು. ಆಯಿ ಸೀರೆಯನ್ನು ಕೈಯಿಂದ ಸವರಿ, ಅಂಚು ಮುಟ್ಟಿ ನೋಡಿ ಕೇಳಿದಳು:

"ಉಡಿ ಎಲ್ಲಿ?"

"ಉಡಿ ನಾ ಹ್ಯಾಂಗ ತರಲಿ ಯವ್ವಾ? ನನ್ನ ಕೈಲೆ ಬರೂದಲ್ಲ ಅದು," ಅಂದಳು ಚಿಗವ್ವ.

ಆಯಿ ಸೀರೆಯನ್ನು ತಿರುಗಿ ನನ್ನ ಕೈಗೆ ಕೊಟ್ಟಳು. ನನಗೂ ಅದು ಸರಿಯೆನಿಸಿತು. ವಿಧವೆಯ ಕೈಯಲ್ಲಿ ಉಡಿ ಕಳಿಸುವುದುಂಟೇ? ಹಬ್ಬಕ್ಕೆ ಯಾರಾದರೂ ಮುತ್ತೈದೆಯರನ್ನು ಕರೆದುಕೊಂಡು ಮಾವನೇ ಬರುತ್ತಾನೆ ಎಂದುಕೊಂಡೆ. ನನಗೆ ಯಾರೂ ಹಾಗೆ ಹೇಳಲಿಲ್ಲ. ನಾನೇ ಎಂದುಕೊಂಡೆ. ಇಲ್ಲಿ ನೆನಪಿನ ತಪ್ಪಿಲ್ಲವೆಂದು ನಂಬಿದ್ದೇನೆ, ಯಾಕೆಂದರೆ ಇದೊಂದು ಜಾಗದಲ್ಲಿ ನಾನು ಅನೇಕ ಸಲ ಬೇರೆಯದನ್ನು ನೆನೆಸಿಕೊಳ್ಳಲು ಯತ್ನಿಸಿದ್ದೇನೆ. ಚಿಗವ್ವ ಬಾಯಿ ತೆರೆದಂತೆ, ನನ್ನನ್ನು ತಡೆದಂತೆ. ಬರುವುದಿಲ್ಲ. ಅವಳು ಕಾಳು ತುಂಬುವ ಹಗೇವಿನ ಕಡೆ ಮುಖ ಮಾಡಿ ಗಂಟು ಮಡಚುತ್ತಿದ್ದಳು, ಅಷ್ಟೇ.

ನಾನು ಆಗಲೇ ಒಳಗೆ ಹೋಗಿ ಉಟ್ಟುಕೊಂಡು ಬಂದೆ. ಸೆರಗು ನೆಲಕ್ಕೆ ತಾಗುತ್ತಿತ್ತು.

"ಚಿಗವ್ವಾ, ಈ ಸೆರಗು ನೋಡು. ಕಪನೂರ ನಾಕಾದ ತನಕ ಹಾಸಬಹುದು. ಮುನ್ಷಿ ಸಾಹೇಬ್ರ ಕಾಲಿಗೆ ಮಣ್ಣು ಹತ್ತೂದಿಲ್ಲ."

ಚಿಗವ್ವ ನಕ್ಕಳು. ಆ ನಗೆ ನನಗೆ ನೆನಪಿದೆ. ಅದು ಎಂಥ ನಗೆ ಎಂದು ಹೇಳಲು ಮಾತ್ರ ಬರುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನೂ ಬರುತ್ತೇನೆಂದು ಹಟ ಹಿಡಿದೆ. ಚಿಗವ್ವ ಬೇಡವೆಂದಳು, ಚಳಿ, ಗಾಡಿಯಲ್ಲಿ ಮೈ ನೋಯುತ್ತದೆ, ಆಯಿ ಒಬ್ಬಳೇ ಆಗುತ್ತಾಳೆ ಎಂದು ಏನೇನೋ ಹೇಳಿದಳು. ಆಯಿಯೇ, "ಹೋಗಲಿ ಬಿಡು, ತನ್ನ ಗಂಡನ ಆಟ ತಾ ನೋಡಬಾರದೇನು," ಎಂದು ಕಳಿಸಿದಳು. ಕಲಬುರ್ಗಿಯಲ್ಲಿ ಇಳಿದುಕೊಂಡದ್ದು ಚಿಗವ್ವ ಪ್ರತಿಸಲ ಇಳಿಯುತ್ತಿದ್ದ ಒಂದು ದೂರದ ಸಂಬಂಧಿಕರ ಮನೆಯಲ್ಲಿ. ಅಮಾವಾಸ್ಯೆಯ ಬೆಳಿಗ್ಗೆ ಚಿಗವ್ವ, ತಮ್ಮನನ್ನು ಮಾತಾಡಿಸಿ ಬರುತ್ತೇನೆಂದು ಒಬ್ಬಳೇ ಹೋಗಿ ಬಂದಳು. ಮಧ್ಯಾಹ್ನ ನಾನು ಆ ಸೀರೆಯನ್ನೇ ಉಟ್ಟು ಅಂಗಳಕ್ಕೆ ಹೋದೆ.

ಪರದೆಯ ಹಿಂದೆ ಕೂತ ಹೆಂಗಸರು ಜಾಗ ಮಾಡಿಕೊಟ್ಟರು. ನಾನು ಯಾರೆಂದು ಅವರಿಗೆ ಗೊತ್ತಿತ್ತು, ಪಿಸುಗುಟ್ಟಿದರು. ಒಬ್ಬ ಮುದುಕಿ ನನ್ನ ಗದ್ದ ಹಿಡಿದು, "ಬಾಳಿಹಣ್ಣಿನಾಕಿ ಖರೇನs ಬಂದಾಳಲ್ಲೇ," ಅಂದಳು. ನಾನು ನಾಚಿ ಕೂತೆ. ಮುನ್ಷಿ ಬಂದ. ಮಾವನನ್ನು ವೇಷದಲ್ಲಿ ಮೊದಲ ಸಲ ಕಂಡದ್ದು. ತುರ್ಕಿ ಟೋಪಿ, ಉದ್ದನೆ ಶೇರವಾನಿ, ಕಿವಿಯ ಮೇಲೆ ಲೇಖನಿ. ಅವನು ನನ್ನ ಕಡೆ ನೋಡುತ್ತಾನೇನೋ ಎಂದು ಪರದೆಯ ಸಂದಿಯಲ್ಲಿ ಕಣ್ಣಿಟ್ಟೆ.

ಮುನ್ಷಿಗೆ ಬೇರೆ ಊರಿಗೆ ಬದಲಿಯಾಗಿದೆ. ಅಲ್ಲಿಯ ದೊಡ್ಡ ಸಾಹೇಬರ ಮಗಳ ಜೊತೆ ಮದುವೆಯೂ ಗೊತ್ತಾಗಿದೆ. ಹೊರಡುವ ದಿನ ಬಾಳೆಹಣ್ಣಿನವಳನ್ನು ಕರೆದು, ಗಂಟಿನಿಂದ ಹಸಿರು ಸೀರೆ ತೆಗೆದು ಕೊಡುತ್ತಾನೆ. ಬಳೆಗಾರ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡುವವನಂತೆ ಗಿರಕಿ ಹೊಡೆದ. ಗಂಡಸರು ನಗತೊಡಗಿದರು. ಅಷ್ಟರಲ್ಲಿ ನನ್ನ ಪಕ್ಕದ ಮುದುಕಿ ಪರದೆ ಸರಿಸಿ ಕೂಗಿದಳು:

"ಏ ಮುನ್ಷಿ, ಉಡಿ ಎಲ್ಲಿ ಅದನೋ?"

ಮಾವ ಗಕ್ಕನೆ ತಿರುಗಿದ. ಕಟ್ಟಿದ ಮಾತಲ್ಲ ಅದು, ಆ ಗಳಿಗೆಗೆ ಹೊಳೆದದ್ದು:

"ಉಡಿ ನೀವೇ ಇಟ್ಕೋರಿ ಅತ್ತಿ. ಖಾಲಿ ಸೀರಿಗೆ ಸುಂಕ ಇಲ್ಲ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಬಳೆಗಾರ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, "ಈ ಸೆರಗು ಕಪನೂರ ನಾಕಾದ ತನಕ ಹಾಸತೀನಿ ಸಾಹೇಬ್ರ, ನಿಮ್ಮ ಕಾಲಿಗೆ ಮಣ್ಣು ಹತ್ತೂದು ಬ್ಯಾಡ," ಅಂದ. ಮುನ್ಷಿ ಅದರ ಮೇಲೆ ಹಗುರಾಗಿ ಹೆಜ್ಜೆಯಿಟ್ಟು ನಡೆದು ಹೋದ. ಆಟ ಮುಗಿಯಿತು.

ಪರದೆಯ ಹಿಂದೆ ಯಾರೂ ನಗಲಿಲ್ಲ. ಮುದುಕಿಯ ಕೈ ನನ್ನ ತೊಡೆಯ ಮೇಲೆ, ಸೀರೆಯ ಮೇಲೆ ಇತ್ತು.

"ನಿನಗೂ ಬರೇ ಸೀರಿನೇ ಬಂತೇನವಾ?" ಅಂದಳು. "ಮತ್ತ ಉಟ್ಟೀಯಲ್ಲ, ನನ ಕೂಸs."

ಆಮೇಲೆ ಅವಳೇ ಹೇಳಿದಳು. ಸೋದರಮಾವ ಬೇರೆ ಕಡೆ ಮದುವೆಯಾಗಬೇಕಾದರೆ ಅಕ್ಕನ ಮಗಳ ಹಕ್ಕು ಬಿಡಿಸಿಕೊಳ್ಳಬೇಕು. ಅದಕ್ಕೆ ಒಂದು ಸೀರೆ ಕಳಿಸುತ್ತಾರೆ, ಉಡಿ ಇಲ್ಲದೆ. ಹುಡುಗಿ ಒಪ್ಪದಿದ್ದರೆ ಮಡಿಕೆ ಬಿಚ್ಚದೆ ತಿರುಗಿ ಕಳಿಸುತ್ತಾಳೆ, ಆಗ ಹಿರಿಯರು ಕೂಡುತ್ತಾರೆ. ಉಟ್ಟಳೆಂದರೆ ಬಿಟ್ಟುಕೊಟ್ಟಳು. ಮತ್ತೆ ಮಾತಿಲ್ಲ. ಅಂಥದೊಂದು ರೂಢಿ ಇರುವುದು ನನಗೆ ಗೊತ್ತಿರಲಿಲ್ಲ. ಹೇಳಬೇಕಾದ ತಾಯಿ ಇರಲಿಲ್ಲ. ಆಯಿಗೆ ಗೊತ್ತಿತ್ತು, ಅದಕ್ಕೇ ಉಡಿ ಕೇಳಿದ್ದಳು, ಮಗಳ ಉತ್ತರ ನಂಬಿದ್ದಳು. ಚಿಗವ್ವನಿಗೂ ಗೊತ್ತಿತ್ತು.

ಚಿಗವ್ವ ಅಲ್ಲೇ ನನ್ನ ಎಡಕ್ಕೆ ಕೂತಿದ್ದಳು. ಖಾಲಿ ಅಂಗಳವನ್ನು ನೋಡುತ್ತಿದ್ದಳು.

ಮಾವ ಕಂಡದ್ದು ಮರುದಿನ, ಗಾಡಿ ಹೂಡುವಾಗ. ಅಂಗಡಿಯ ಮಾಲೀಕರ ಮಗಳ ಜೊತೆ ಮದುವೆ ಗೊತ್ತಾಗಿತ್ತು. ವೇಷ ಕಟ್ಟುವ ಅಳಿಯ ಬೇಡವೆಂದು ಅವರು ಅಂದದ್ದಕ್ಕೆ ಆಟವನ್ನೂ ಮುಗಿಸಿದ್ದ. ಟೋಪಿ ಇಲ್ಲದೆ ಅವನ ಮುಖ ಸಣ್ಣದಾಗಿ ಕಂಡಿತು.

"ಸಿಟ್ಟಾಗಬ್ಯಾಡವಾ. ನಾ ಅಕ್ಕಗ ಎಲ್ಲಾ ಬಿಡಿಸಿ ಹೇಳಿ ಕಳಿಸಿದ್ದೆ. ಆಕಿ ಏನಂತಾಳ ಕೇಳು, ಒಲ್ಲೆಂದ್ರ ಸೀರಿ ತಿರುಗಿ ತಾ ಅಂತ. ನಿನ್ನೆ ಅಕ್ಕ ಬಂದು, 'ಉಟ್ಟಳು, ನಕ್ಕಳು, ಹಿಂಗಿಂಗ ಅಂದಳು' ಅಂದ್ಲು. ನನಗ ಜೀವ ಹಗುರಾತು. ನೋಡು ಹುಡುಗಿ ಎಷ್ಟು ದೊಡ್ಡ ಮನಸಿನಾಕಿ ಅಂತ ಆ ಮಾತು ಆಟದಾಗ ಹಾಕಿದೆ."

ನಾನು ಚಿಗವ್ವನ ಕಡೆ ನೋಡಿದೆ. ಅವಳು ಗಾಡಿಯಲ್ಲಿ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

ಕಮಲಾಪುರ ಮುಟ್ಟಿದೆವು. ಆಯಿಗೆ ನಾನೇ ಹೇಳಿದೆ. ಆಯಿ ಸೀರೆಯ ಅಂಚನ್ನು ಬೆರಳಿನಲ್ಲಿ ತಿಕ್ಕಿದಳು.

"ಒಬ್ಬಾಂವ ಕೊಟ್ಟ, ಒಬ್ಬಾಕಿ ತಂದ್ಲು," ಅಂದಳು. "ನನ್ನ ಹೊಟ್ಟ್ಯಾಗs ಹುಟ್ಟಿದ್ರು ಇಬ್ಬರೂ." ತಂದೆಗೆ ಹೇಳಿ ಕಳಿಸಿ, ನನ್ನನ್ನು ಹೈದರಾಬಾದಿಗೆ ಕರೆಸಿಕೊಳ್ಳುವಂತೆ ಮಾಡಿದವಳು ಆಯಿಯೇ. ಅಲ್ಲಿ ನಾನು ಉರ್ದುವಿನಲ್ಲಿ ಪಾಠ ಕಲಿತೆ, ಕಾಲೇಜು ಸೇರಿದೆ, ವಿಶ್ವವಿದ್ಯಾಲಯದ ಪದವಿ ಪಡೆದೆ. ಕೆಟ್ಟದ್ದೇ ಒಳ್ಳೆಯದಾಯಿತು ಎಂದು ಪರಿಚಯದವರು ಹೇಳುತ್ತಾರೆ. ಹೇಳಲಿ. ಉಡಿ ತುಂಬುವ ಕಾರ್ಯಕ್ಕೆ ಯಾರಾದರೂ ಕರೆದರೆ ನಾನು ಇಂದಿಗೂ ಹೋಗುವುದಿಲ್ಲ.

ಮಾವ ಮಾಡಿದ್ದನ್ನು ನಾನು ಹೇಗೋ ಅರಗಿಸಿಕೊಂಡೆ. ಅವನಿಗೆ ಆಟ ಬೇಕಿತ್ತು, ಆಟಕ್ಕೆ ಮಾತು ಬೇಕಿತ್ತು. ನಾನು ಕೊಟ್ಟೆ, ಅವನು ಬಳಸಿದ. ಅವನ ಮಾತು ನನಗೆ ಬರುತ್ತಿತ್ತು ಎಂಬುದಾದರೂ ಉಳಿದಿತ್ತು. ಅದೂ ಹೋದದ್ದು ಓದುತ್ತಿದ್ದಾಗ ಒಂದು ರಜೆಯಲ್ಲಿ.

ಕಲಬುರ್ಗಿಯಲ್ಲಿ ಇಳಿದವಳು ಶಹಾಬಜಾರಕ್ಕೆ ಹೋಗಿ ಬಳೆಗಾರನ ಅಂಗಡಿಯಲ್ಲಿ ಕೂತೆ. ಅವನು ಗುರುತು ಹಿಡಿದು, ಒಂದು ಕೈಗೆ ಬಳೆ ತೊಡಿಸುವಷ್ಟರಲ್ಲಿ ಹಳೆಯ ಆಟಗಳನ್ನೆಲ್ಲ ತೆಗೆದ. ನಾನು ಜ್ವರದ ಆಟ ಕೇಳಿದೆ.

"ಯಾಕ ನೆನಪಿಲ್ರಿ! ನಾಕಾದಾಗ ಯಾರೂ ಇಲ್ಲಂತ ನಾ ತಲಿಮ್ಯಾಲ ಬುಟ್ಟಿಮ್ಯಾಲ ಬುಟ್ಟಿ ಹೊತ್ತು ಓಡಿದೆ. ಮ್ಯಾಲಿಂದು ಜಾರಿ ಗಂಡಸರ ನಡುವ ಬಿತ್ತು. ಹಣ್ಣಿಗೆ ಮುಗಿಬಿದ್ರು ನೋಡ್ರಿ, ಆಟನs ನಿಂತು ಹೋತು."

"ದಾಟದೆ ನಿಂತಿದ್ದಳಲ್ಲ? ಕಾಲು ಬರವಲ್ದು ಅಂತ?"

"ಯಾರು? ನಾನಾ? ಅಳೋ ಪಾರ್ಟು ನಿಮ್ಮ ಮಾವ ನನಗ ಎಂದೂ ಕೊಟ್ಟಿಲ್ಲ ತಾಯಿ. ಕಣ್ಣೀರ ಬಂದ್ರ ಪೌಡರ ಇಳದು ಮೀಸಿ ಕಾಣತಿತ್ತು."

ಮಾತಿಲ್ಲದೆ ಕಳೆದ ಆ ಮಳೆಗಾಲವನ್ನು ಕೇಳಿದೆ. ಅವನು ಬಳೆ ಕೈಯಲ್ಲೇ ಹಿಡಿದು ಯೋಚಿಸಿದ.

"ಮಳಿಗಾಲದಾಗ ಆಟ ಎಲ್ಲೀದ್ರಿ? ಅಂಗಳ ಕೆಸರು. ಶ್ರಾವಣ ಕಳದ ಮ್ಯಾಲs ನಾವು ಶುರು ಮಾಡತಿದ್ವಿ. ನಿಮ್ಮ ಚಿಗವ್ವ ಹಣ್ಣು ತರ್ತಿದ್ರು ಖರೆ. ಹಣ್ಣು ಇಳಿಸಿ ಅಂಗಡಿ ಪಡಸಾಲ್ಯಾಗ ಒಬ್ಬರs ಕೂತಿರ್ತಿದ್ರು."

ಬಳೆಗಾರನ ನೆನಪು ನನ್ನದಕ್ಕಿಂತ ಗಟ್ಟಿ ಎಂದೇನೂ ಇಲ್ಲ. ಆದರೂ ಅಂಗಡಿಯಿಂದ ಎದ್ದು ಬರುವಾಗ ನನಗೆ ಸಂಶಯ ಉಳಿದಿರಲಿಲ್ಲ. ಇಡೀ ಒಂದು ಮಳೆಗಾಲದ ಮೌನವನ್ನು ಚಿಗವ್ವ ಕಟ್ಟಿ ತಂದಿದ್ದಳು. ಹೊಸ್ತಿಲ ಈಚೆಗೆ ನಿಂತವಳು ಅವಳು. ಮಾವನ ಆಟದಲ್ಲಿ ಜಗಳವಿತ್ತು, ಸಿಪ್ಪೆಯಿತ್ತು, ನಗೆಯಿತ್ತು. ನಾನು ಮನಸ್ಸು ಕೊಟ್ಟ ಮುನ್ಷಿ ಕಲಬುರ್ಗಿಯಲ್ಲಿ ಇರಲೇ ಇಲ್ಲ. ಅವನು ತಿಂಗಳಿಗೊಮ್ಮೆ ಗಾಡಿಯ ದಾರಿಯಲ್ಲಿ ಹುಟ್ಟಿ, ನಮ್ಮ ಅಡುಗೆ ಮನೆಯ ಕಂಬದ ಬಳಿ ಬದುಕಿ, ದೀಪ ಹಚ್ಚುವ ಹೊತ್ತಿಗೆ ಮುಗಿದುಹೋಗುತ್ತಿದ್ದ.

ಆಯಿ ಈಗಿಲ್ಲ. ಮಾವ ಮಕ್ಕಳೊಂದಿಗೆ ಶಹಾಬಜಾರದಲ್ಲೇ ಇದ್ದಾನೆ. ಎದುರು ಸಿಕ್ಕರೆ ಮಾತಾಡುತ್ತೇನೆ. ಚಿಗವ್ವ ಕಮಲಾಪುರದ ಮನೆಯಲ್ಲಿದ್ದಾಳೆ, ಗೊನೆಗೆ ಎಲೆ ಸುತ್ತುವ ಕೆಲಸ ಬಿಟ್ಟಿಲ್ಲ. ಒಮ್ಮೆ ಹೋದಾಗ ನಾನೂ ಪಕ್ಕದಲ್ಲಿ ಕೂತು ಒಣ ಎಲೆ ನೀವಿ ಕೊಡುತ್ತ, ಇಷ್ಟು ವರ್ಷ ಹಿಡಿದಿಟ್ಟದ್ದನ್ನು ಕೇಳಿದೆ. ಅವಳ ಕೈ ನಿಲ್ಲಲಿಲ್ಲ. ಒಂದು ಗೊನೆ ಮುಗಿಸಿದಳು, ಇನ್ನೊಂದನ್ನು ಎಳೆದುಕೊಂಡಳು. ಹೊರಡುವ ದಿನ ಬಾಗಿಲ ತನಕ ಬಂದಳು, ಬಸ್ಸು ಬಂತು ನೋಡು ಅಂದಳು. ಅದಾದ ಮೇಲೂ ಎರಡು ಸಲ ಹೋಗಿ ಬಂದಿದ್ದೇನೆ, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಚಿಗವ್ವಾ, ಇಲ್ಲದ ಮಾತು ಅಷ್ಟು ಕಟ್ಟಿ ತಂದಾಕಿ ನೀನು, ಆವತ್ತು ನಾ ಸೀರಿ ಮಡಿಕಿ ಬಿಚ್ಚೂಮುಂದ, 'ಉಡಬ್ಯಾಡ' ಅಂಬೋದೊಂದು ಮಾತು ನಿನ್ನ ಬಾಯಾಗ ಯಾಕ ಬರಲಿಲ್ಲ?"